ಏಳನೇ ಪ್ರೋಗ್ರಾಮು

ಚೀಟಿಗಳನ್ನು ಗಂಗಾಂಬಿಕಾ ತಾನೇ ಬರೆದಿದ್ದಳು, ತಾನೇ ಮಡಿಸಿದ್ದಳು. ಹನ್ನೆರಡು ಪ್ರೋಗ್ರಾಮಿಗೆ ಹನ್ನೆರಡು ಚೀಟಿ. ಏಳನೆಯದನ್ನು ಮಾತ್ರ ಉಳಿದವಕ್ಕಿಂತ ಒಂದು ಮಡಿಕೆ ಹೆಚ್ಚು ಮಡಿಸಿ, ಉಗುರಿನಿಂದ ಗೀರಿ ಚಪ್ಪಟೆ ಮಾಡಿ, ಸ್ಟೀಲ್ ಬಟ್ಟಲಿನ ತಳಕ್ಕೆ ಹಾಕಿ, ಮೇಲೆ ಹನ್ನೊಂದನ್ನು ಸುರಿದಿದ್ದಳು. ಬ್ಯಾಚಿನಲ್ಲಿದ್ದವರು ಒಂಬತ್ತೇ ಜನ, ಮೂರು ಚೀಟಿ ಹೇಗೂ ಉಳಿಯುತ್ತವೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹುಡುಗರು ಬಟ್ಟಲಿನಲ್ಲಿ ಚೇಳಿದೆಯೇನೋ ಎಂಬಂತೆ ಬೆರಳ ತುದಿಯಲ್ಲಿ ಮೇಲಿನದನ್ನೇ ಎತ್ತುತ್ತಾರೆ. ಹಗರಿಬೊಮ್ಮನಹಳ್ಳಿಯ ಈ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ನೋಡುತ್ತ ಬಂದಿದ್ದಾಳೆ. ಆದರೆ ನಾಲ್ಕನೆಯವಳಾಗಿ ಬಂದ ಎರ್ರಮ್ಮ ಕೈಯನ್ನೇ ಪೂರ್ತಿ ಒಳಗಿಳಿಸಿದಳು. ಚೀಲದೊಳಗೆ ಕೈ ತೂರಿಸಿ ಅಡಿಯ ಕಾಳು ಹೇಗಿದೆ ನೋಡುವವರ ಹಾಗೆ ತಳ ಮುಟ್ಟಿ, ಅಲ್ಲಿದ್ದುದನ್ನು ತೆಗೆದಳು. ಹೆಚ್ಚಿನ ಮಡಿಕೆ ಬಿಚ್ಚುವುದಕ್ಕೆ ಒಂದು ಗಳಿಗೆ ಹಿಡಿಯಿತು.

“ಏಳನೇದು ಬಂತ್ರಿ ಮೇಡಂ,” ಎಂದಳು.

ಗಂಗಾಂಬಿಕಾಗೆ ಬಂದದ್ದು ಸಿಟ್ಟು. ಹೆದರಿಕೆಯಲ್ಲ, ಅಯ್ಯೋ ಅನ್ನಿಸಿದ್ದೂ ಅಲ್ಲ. ಕೊಟ್ಟೂರಿನಿಂದ ಬೆಳಿಗ್ಗೆ ನಿಂತುಕೊಂಡೇ ಬಂದ ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಬಂದಿತ್ತಲ್ಲ, ಅಂಥದೇ ಸಣ್ಣ, ಬಿಸಿಯಾದ ಸಿಟ್ಟು. ಇವಳಿಗೇ ಯಾಕೆ ಬರಬೇಕಿತ್ತು. ಮೇಲಿನದನ್ನು ಎತ್ತಿದ್ದರೆ ಏನಾಗುತ್ತಿತ್ತು. ಎಲ್ಲರೂ ಮಾಡುವುದನ್ನು ಇವಳೊಬ್ಬಳು ಯಾಕೆ ಮಾಡುವುದಿಲ್ಲ. ರಿಜಿಸ್ಟರಿನಲ್ಲಿ ಎರ್ರಮ್ಮನ ನಂಬರಿನ ಮುಂದೆ ಏಳು ಎಂದು ಬರೆದಳು. ಅಂಕಿ ಎಂದಿನಂತೆ ಚೆನ್ನಾಗಿ ಬಂತು. ಅವಳ ಅಂಕಿಗಳು ಸಿಟ್ಟಿನಲ್ಲೂ ಸೊಟ್ಟಗಾಗುವುದಿಲ್ಲ. “ಮೂರನೇ ಸಿಸ್ಟಂ. ಕುಂದ್ರು ಹೋಗು,” ಎಂದು ತಲೆ ಎತ್ತದೆ ಹೇಳಿದಳು.

ಏಳನೇ ಪ್ರೋಗ್ರಾಮು ಏನೂ ದೊಡ್ಡದಲ್ಲ. ಒಂದು ಲೆಕ್ಕದ ಸಾಲು ಕೊಟ್ಟರೆ, ಅದರಲ್ಲಿ ತೆರೆದ ಬ್ರಾಕೆಟ್ಟುಗಳೆಲ್ಲ ಸರಿಯಾಗಿ ಮುಚ್ಚಿವೆಯೋ ಇಲ್ಲವೋ ಎಂದು ಕಂಪ್ಯೂಟರು ಹೇಳಬೇಕು. ತೆರೆಯುವ ಬ್ರಾಕೆಟ್ಟು ಸಿಕ್ಕರೆ ಅದನ್ನು ಸ್ಟ್ಯಾಕಿನ ಮೇಲೆ ಇಡು. ಮುಚ್ಚುವುದು ಸಿಕ್ಕರೆ ಮೇಲಿನದೊಂದನ್ನು ತೆಗೆ, ಜೋಡಿ ಹೊಂದಿತೋ ನೋಡು. ಒಂದರ ಮೇಲೊಂದು ಇಡುವುದು, ಕೊನೆಗಿಟ್ಟದ್ದನ್ನು ಮೊದಲು ತೆಗೆಯುವುದು, ಅಷ್ಟೇ. ಇದನ್ನು ಪಾಠ ಮಾಡುವಾಗ ಅವಳು ಪ್ರತಿ ವರ್ಷ ತನ್ನ ಬಳೆಗಳನ್ನು ತೋರಿಸುತ್ತಿದ್ದಳು. ಕೈ ಎತ್ತಿ, ಕೊನೆಗೆ ತೊಟ್ಟ ಬಳೆಯನ್ನು ಮೊದಲು ಕಳಚಿ, ನೋಡ್ರಿ ಹಿಂಗ, ಎನ್ನುತ್ತಿದ್ದಳು. ಹುಡುಗಿಯರು ನಗುತ್ತಿದ್ದರು, ಹುಡುಗರು ಕೈ ನೋಡುತ್ತಿದ್ದರು, ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಮುಂದಿನದು ಲ್ಯಾಬ್ ಮ್ಯಾನ್ಯುಯಲಿನಲ್ಲಿತ್ತು. ಮೂವತ್ತೊಂದನೇ ಪುಟ. ಬರೆದುಕೊಳ್ಳಿ.

ಹಸಿರು ರಟ್ಟಿನ ಆ ಮ್ಯಾನ್ಯುಯಲ್ ಈಗಲೂ ಮೇಜಿನ ಮೇಲೆ ಇತ್ತು, ಎಕ್ಸ್‌ಟರ್ನಲ್ ಪರೀಕ್ಷಕರಾಗಿ ಬಂದಿದ್ದ ಅರುಣಕುಮಾರ್ ಸರ್ ಅವರ ಕಾರಿನ ಕೀಲಿಯ ಕೆಳಗೆ. ರಟ್ಟಿನ ಮೇಲೆ ಅವರದೇ ಹೆಸರು. ಹರಪನಹಳ್ಳಿಯಿಂದ ಬಂದಿದ್ದ ಅವರು ಈಗ ಕಿಟಕಿಯ ಬದಿ ಕುರ್ಚಿ ಹಾಕಿಸಿಕೊಂಡು, ಅಟೆಂಡರ್ ಮರುಳಪ್ಪ ತಂದಿಟ್ಟ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು.

“ಮರುಳಪ್ಪ, ಈ ಮಿರ್ಚಿ ಹಗರಿಬೊಮ್ಮನಹಳ್ಳಿದಾ, ಇಲ್ಲ ಹೋದ್ ವರ್ಷದ್ದಾ?”

“ಬಿಸಿ ಐತಲ್ರಿ ಸರ.”

“ಬಿಸಿ ಮಾಡಿದ್ರೆ ಹೋದ್ ವರ್ಷದ್ದೂ ಬಿಸಿ ಆಗ್ತತಿ.”

ಮರುಳಪ್ಪ ನಕ್ಕ. ಗಂಗಾಂಬಿಕಾ ಕೂಡ ನಕ್ಕಳು. ಅವರು ಏನೇ ಹೇಳಿದರೂ ನಗುವುದು ಅವಳ ಮುಖಕ್ಕೆ ಹತ್ತೊಂಬತ್ತನೇ ವಯಸ್ಸಿನಿಂದ ಅಭ್ಯಾಸವಾಗಿತ್ತು. ಬಿಸಿಎ ಎರಡನೇ ವರ್ಷ. ಸರ್ ಆಗ ಕೊಟ್ಟೂರಿನಲ್ಲಿ ಪಾಠಕ್ಕಿದ್ದರು. ಅವಳ ಲ್ಯಾಬ್ ರೆಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕ್ಲಾಸಿನ ಈ ಗೋಡೆಯಿಂದ ಆ ಗೋಡೆಯವರೆಗೆ ತಿರುಗಿಸಿ, “ನೋಡ್ರಿ, ಅಕ್ಷರ ಅಂದ್ರೆ ಇದು, ಮುತ್ತು ಪೋಣಿಸ್ದಂಗೆ,” ಎಂದಿದ್ದರು. ಕಪ್ಪು ಶಾಯಿಯಲ್ಲಿ ಪ್ರೋಗ್ರಾಮು, ನೀಲಿಯಲ್ಲಿ ವಿವರಣೆ, ಸ್ಕೇಲಿನಿಂದ ಎಳೆದ ಎರಡು ಗೆರೆಯ ಅಂಚು. ಆ ಅಕ್ಷರದ ಹಿಂದೆ ಅಪ್ಪನ ಸ್ಕೇಲಿನ ಏಟುಗಳಿದ್ದವು. ಬೆರಳ ಗೆಣ್ಣಿನ ಮೇಲೆ, ಸ್ಕೇಲಿನ ಅಂಚಿನಿಂದ ಹೊಡೆಯುತ್ತಿದ್ದ. “ಅಕ್ಷರ ನೋಡಿದ್ರ ಯಾವ ಮನಿತನ ಅಂತ ಗೊತ್ತಾಗಬೇಕು. ಕೂಲಿಯವರ ಹುಡುಗರು ಬರದಂಗ ಬರೀತಿ ಅಲ್ಲ,” ಅನ್ನುತ್ತಿದ್ದ. ಆ ಮಾತಿಗೆ ಅಂದು ಅವಳಿಗೆ ಸಿಟ್ಟು ಬಂದಿರಲಿಲ್ಲ. ಬೆರಳು ಉರಿಯುತ್ತಿದ್ದಾಗಲೂ ಒಳಗೊಳಗೇ ಸರಿ ಅನ್ನಿಸುತ್ತಿತ್ತು. ಅದು ನೆನಪಾದರೆ ಈಗ ಮೈ ಬಿಸಿಯೇರುತ್ತದೆ.

ಜೂನಿಯರ್ಸಿಗೆ ತೋರಿಸಿ ಕೊಡ್ತೀನಿ ಎಂದು ಸರ್ ಆ ರೆಕಾರ್ಡ್ ತೆಗೆದುಕೊಂಡು ಹೋದರು. ಮರುವರ್ಷ ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹಸಿರು ರಟ್ಟಿನ ಪುಸ್ತಕ ತೂಗುಹಾಕಿತ್ತು. ತೆರೆದು ನೋಡಿದಳು. ಅವಳ ಸಾಲುಗಳು, ಅವಳ ವಿವರಣೆ, ಅವಳ ಉದಾಹರಣೆಗಳು. ಏಳನೇ ಪ್ರೋಗ್ರಾಮಿಗೆ ಉದಾಹರಣೆಯಾಗಿ ಅವಳು ತನ್ನ ಹುಟ್ಟಿದ ವರ್ಷದ ಅಂಕಿಗಳನ್ನು ಹಾಕಿದ್ದಳು, ಒಂದು, ಒಂಬತ್ತು, ಒಂಬತ್ತು, ಎರಡು. ಯಾರಿಗೂ ಗೊತ್ತಾಗದ ಹಾಗೆ ಪುಸ್ತಕದಲ್ಲಿ ತಾನು ಕೂತಿರುವ ಖುಷಿಗೆ. ಮೊದಲನೆಯದು (1+9)*(9-2). ಅದರ ಕೆಳಗೆ ಎರಡನೆಯದು. ಅಂಗಡಿಯವನು “ಬೇಕೇನವ್ವ?” ಎಂದ. ಕೊಂಡುಕೊಂಡಳು. ತಾನು ಬರೆದದ್ದನ್ನು ತಾನೇ ದುಡ್ಡು ಕೊಟ್ಟು ಕೊಂಡು, ಮನೆಗೆ ತಂದು, ಬಟ್ಟೆಯ ಕೆಳಗೆ ಇಟ್ಟಳು. ಇದು ನಂದು ಎಂದು ಯಾರಿಗೂ ಹೇಳಲಿಲ್ಲ. ಹದಿಮೂರು ವರ್ಷದಿಂದ ಪ್ರತಿ ವರ್ಷ, ಈ ವರ್ಷ ಯಾರಿಗಾದರೂ ಹೇಳುತ್ತೇನೆ ಅಂದುಕೊಂಡಳು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲಿ ನೋಡಿದರೂ ಹುಡುಗರು ಅವಳ ಹುಟ್ಟಿದ ವರ್ಷವನ್ನು ರೆಕಾರ್ಡಿನಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ ಪಾಸಾಗುತ್ತಿದ್ದರು.

“ಮೇಡಂ, ಈ ಕೀಬೋರ್ಡಿನಾಗ ಮುಚ್ಚೋ ಬ್ರಾಕೆಟ್ ಒತ್ತಿದ್ರ ಎರಡೆರಡು ಬೀಳ್ತಾವ್ರಿ,” ಎಂದು ಮೂರನೇ ಸಿಸ್ಟಮ್ಮಿನಿಂದ ಎರ್ರಮ್ಮ ಹೇಳಿದಳು.

“ಮೆತ್ತಗ ಒತ್ತು.”

“ಮೆತ್ತಗ ಒತ್ತಿದ್ರ ಬೀಳಂಗೇ ಇಲ್ರಿ.”

“ಹಂಗಾದ್ರ ಎರಡು ಬಿದ್ದಾಗ ಒಂದು ಅಳಸು. ಅದನ್ನೂ ನಾನೇ ಹೇಳಬೇಕೇನು?”

ಅಷ್ಟು ಗಟ್ಟಿಯಾಗಿ ಹೇಳಬೇಕಿರಲಿಲ್ಲ. ಎರ್ರಮ್ಮ ಉಳಿದ ಹುಡುಗಿಯರಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕೂಡ್ಲಿಗಿ ಕಡೆಯ ಊರಿನವಳು. ಪಿಯುಸಿ ಆದಮೇಲೆ ಓದು ಬಿಟ್ಟು ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ದುಡಿದು, ತಮ್ಮನ ಐಟಿಐ ಮುಗಿದಮೇಲೆ ಮನೆಯವರನ್ನು ಒಪ್ಪಿಸಿ ಬಂದವಳು. ಒಪ್ಪಿಸಿದ್ದು ಒಂದೇ ಮಾತಿನ ಮೇಲೆ, ಒಂದು ಸಬ್ಜೆಕ್ಟು ಹೋದರೂ ಓದು ಬಂದ್. ಅಡ್ಮಿಷನ್ನಿನ ದಿನ ಅವಳ ತಾಯಿ ಬೊಮ್ಮಮ್ಮ ಗಂಗಾಂಬಿಕಾಳ ಮುಂದೆಯೇ ಬೆರಳು ಆಡಿಸಿ ಹೇಳಿದ್ದಳು, “ನೋಡವ್ವ ಟೀಚರಮ್ಮ, ನೀನೇ ಸಾಕ್ಷಿ. ಒಂದು ಫೇಲ್ ಆದ್ರ ಮರುದಿನ ಮಿಲ್ಲಿಗೆ.” ಆಗ ಗಂಗಾಂಬಿಕಾ ದೊಡ್ಡವರ ಹಾಗೆ ತಲೆದೂಗಿ, “ನಾನದೀನಿ ಬಿಡ್ರಿ,” ಎಂದಿದ್ದಳು. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು.

ನಾಲ್ಕು ತಿಂಗಳ ಹಿಂದೆ ಕೊನೆಯ ಬೆಂಚಿನಿಂದ ಎದ್ದು ನಿಂತವಳೂ ಇವಳೇ. ಬಳೆ ತೋರಿಸಿ, ಪುಟ ಹೇಳಿ, ಗಂಗಾಂಬಿಕಾ ಡಸ್ಟರ್ ಎತ್ತಿಕೊಂಡಿದ್ದಳು.

“ಮೇಡಂ, ಎರಡನೇ ಉದಾಹರಣೆದಾಗ ಒಂದು ಮುಚ್ಚಿಲ್ರಿ. ತೆರೆದವು ಮೂರು ಅದಾವ, ಮುಚ್ಚಿದವು ಎರಡ. ಕಂಪ್ಯೂಟರ್ ಸರಿ ಐತಿ ಅಂತ ಹೆಂಗ ಅಂತೈತ್ರಿ?”

“ಬುಕ್ಕಿನಾಗ ಐತಲ್ಲ, ಬರ್ಕೊ.”

“ಬುಕ್ಕಿನಾಗ ಐತ್ರಿ, ಆದ್ರ ತಪ್ಪೈತ್ರಿ.” ಕ್ಲಾಸು ತಿರುಗಿ ನೋಡಿತು. ಎರ್ರಮ್ಮ ಮುಂದುವರಿಸಿದಳು, ಯಾರಿಗೋ ದಾರಿ ಹೇಳುವವಳ ಹಾಗೆ. “ನಾವು ಮಿಲ್ಲಿನಾಗ ಚೀಲ ಒಟ್ಟತಿದ್ವಿರಿ. ಲಾರಿಗೆ ಏರಿಸುವಾಗ ಮ್ಯಾಲಿಂದು ಮೊದಲು ಹೋಗ್ತೈತಿ, ಅದು ಖರೆ. ಆದ್ರ ಎಲ್ಲಾ ಮುಗದಮ್ಯಾಲೆ ನೆಲ ನೋಡಬೇಕ್ರಿ. ನೆಲ ಕಂಡ್ರ ಮುಗೀತು. ಕಾಣ್ಲಿಲ್ಲಂದ್ರ ಚೀಲ ಉಳದಾವು ಅಂತ. ಈ ಪ್ರೋಗ್ರಾಮು ಕೊನಿಗೆ ನೆಲಾನ ನೋಡಂಗಿಲ್ರಿ.”

“ಎರ್ರಮ್ಮಕ್ಕ, ಇದು ಕಂಪ್ಯೂಟರ್ ಕ್ಲಾಸ್ ಐತಿ, ಹಮಾಲರ ಸಂಘ ಅಲ್ಲ,” ಎಂದು ಮುಂದಿನ ಬೆಂಚಿನ ಭರತ್ ಹೇಳಿದ. ಎಲ್ಲರೂ ನಕ್ಕರು. ಗಂಗಾಂಬಿಕಾಳೂ ನಕ್ಕಳು. ಜೋರಾಗಿ ಅಲ್ಲ, ತುಟಿಯಲ್ಲಿ ಮಾತ್ರ. ಆದರೆ ಎರ್ರಮ್ಮ ನೋಡುತ್ತಿದ್ದದ್ದು ಆ ತುಟಿಯನ್ನೇ. ನೋಡಿ, ಕೂತಳು.

ಅವತ್ತು ಮಧ್ಯಾಹ್ನ ಎಲ್ಲರೂ ಹೋದಮೇಲೆ ಖಾಲಿ ಲ್ಯಾಬಿನಲ್ಲಿ ಗಂಗಾಂಬಿಕಾ ಬಾಗಿಲು ಮುಂದೆ ಮಾಡಿ ಕೂತು, ಮ್ಯಾನ್ಯುಯಲಿನ ಪ್ರೋಗ್ರಾಮನ್ನು ಇದ್ದ ಹಾಗೆ ಟೈಪ್ ಹೊಡೆದಳು. ಎರಡನೇ ಉದಾಹರಣೆ ಕೊಟ್ಟಳು: ((1+9)*(9-2). ಹೊರಗಿನಿಂದ ಇನ್ನೊಂದು ಜೊತೆ ಬ್ರಾಕೆಟ್ಟು ಸುತ್ತಬೇಕೆಂದು ಹೊರಟು, ಹತ್ತೊಂಬತ್ತರ ಆ ಹುಡುಗಿ ಕೊನೆಯದನ್ನು ಮರೆತಿದ್ದಳು. ಮರೆತದ್ದನ್ನು ಕಂಪ್ಯೂಟರಾದರೂ ಹಿಡಿಯಬೇಕಿತ್ತು. ಹಿಡಿಯಲಿಲ್ಲ, ಯಾಕೆಂದರೆ ಕೊನೆಗೆ ಸ್ಟ್ಯಾಕು ಖಾಲಿಯಾಯಿತೋ ಎಂದು ನೋಡುವ ಸಾಲನ್ನೂ ಅವಳು ಬರೆದಿರಲಿಲ್ಲ. ಒಂದು ತಪ್ಪು ಇನ್ನೊಂದು ತಪ್ಪಿನ ಮೇಲೆ ಕೂತು ಅದನ್ನು ಮುಚ್ಚಿತ್ತು. ಬ್ಯಾಲೆನ್ಸ್ಡ್, ಎಂದಿತು ಪರದೆ. ಬರಿಯ ಮೂರು ತೆರೆಯುವ ಬ್ರಾಕೆಟ್ಟು ಕೊಟ್ಟಳು. ಬ್ಯಾಲೆನ್ಸ್ಡ್. ಕೀಲಿಯ ಮೇಲೆ ಬೆರಳು ಒತ್ತಿ ಹಿಡಿದಳು. ತೆರೆದ ಬ್ರಾಕೆಟ್ಟುಗಳು ಪರದೆಯ ಆ ಬದಿಯವರೆಗೆ ಓಡಿ, ಕೆಳಗಿನ ಸಾಲಿಗೆ ಇಳಿದು, ಮತ್ತೆ ಓಡಿದವು. ಬ್ಯಾಲೆನ್ಸ್ಡ್. ನಾಯಿಯ ಹಾಗೆ, ಏನು ಕೊಟ್ಟರೂ ಬಾಲ ಅಲ್ಲಾಡಿಸುವ ನಾಯಿಯ ಹಾಗೆ. ಅವಳು ಮಾನಿಟರಿನ ಗುಂಡಿ ಒತ್ತಿ ಆರಿಸಿದಳು. ಆರಿದ ಗಾಜಿನಲ್ಲಿ ಅವಳ ಮುಖ ಇತ್ತು. ಪ್ರೋಗ್ರಾಮು ಮಾತ್ರ ಒಳಗೆ ಹಾಗೆಯೇ ನಡೆದಿತ್ತು.

ಮರುವಾರ ರೆಕಾರ್ಡುಗಳು ಬಂದಾಗ ಎರ್ರಮ್ಮ ಏಳನೆಯದಕ್ಕೆ ನಾಲ್ಕು ಸಾಲು ತಾನೇ ಸೇರಿಸಿ ಬರೆದಿದ್ದಳು. ಕೊನೆಗೆ ಸ್ಟ್ಯಾಕು ಖಾಲಿಯಿದೆಯೋ ನೋಡು, ಇಲ್ಲದಿದ್ದರೆ ಸರಿಯಿಲ್ಲ ಎನ್ನು. ಅಕ್ಷರ ಗೋಡೆಯಿಂದ ಕಿತ್ತ ಮೊಳೆಗಳ ಹಾಗೆ ಇತ್ತು, ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ಗಂಗಾಂಬಿಕಾಗೆ ಅದು ಗೊತ್ತಿತ್ತು. ಗೊತ್ತಿದ್ದೇ, ಕೆಂಪು ಪೆನ್ನು ತೆಗೆದು, ಪುಟದ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಗೆರೆ ಎಳೆದು, ತಪ್ಪು, ಮ್ಯಾನ್ಯುಯಲ್ ನೋಡಿ ಬರೆಯಿರಿ, ಎಂದು ಬರೆದು ಸಹಿ ಹಾಕಿದಳು. ಎರಡು ದಿನ ಬಿಟ್ಟು ಎರ್ರಮ್ಮನ ಅದೇ ರೆಕಾರ್ಡ್ ಬಂತು. ಆ ಪುಟದ ಮೇಲೆ ಹೊಸ ಹಾಳೆ ಅಂಟಿಸಿ, ಮ್ಯಾನ್ಯುಯಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು. ಅಂಟು ಮನೆಯಲ್ಲಿ ಮಾಡಿದ ಮೈದಾ ಅಂಟು. ಹಾಳೆ ಉಬ್ಬಿಕೊಂಡು ಅಡಿಯ ಕೆಂಪು ಗೆರೆ ಸ್ವಲ್ಪ ಕಾಣುತ್ತಿತ್ತು. ಮುಂದಿನ ವರ್ಷ ಸರಿಮಾಡಿದರಾಯಿತು ಎಂದು ಗಂಗಾಂಬಿಕಾ ಅದಕ್ಕೂ ಸಹಿ ಹಾಕಿದಳು.

“ಮುಗೀತೇನಮ್ಮ?” ಸರ್ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಎದ್ದು ಮೂರನೇ ಸಿಸ್ಟಮ್ಮಿನ ಹಿಂದೆ ನಿಂತರು. “ರನ್ ಮಾಡು.”

ಗಂಗಾಂಬಿಕಾ ಅವರ ಪಕ್ಕಕ್ಕೆ ಹೋಗಿ ನಿಂತಳು. ಇವಳು ಮ್ಯಾನ್ಯುಯಲಿನದನ್ನೇ ಹೊಡೆದಿರಲಿ. ಅಂಟಿಸಿದ ಹಾಳೆಯದನ್ನೇ ಹೊಡೆದಿರಲಿ. ಆದರೆ ಪರದೆಯ ಕೊನೆಯಲ್ಲಿ ಆ ನಾಲ್ಕು ಸಾಲು ಇದ್ದವು. ಸರ್ ಸಾಲುಗಳನ್ನು ನೋಡಲಿಲ್ಲ. ಅವರು ಎಂದೂ ಸಾಲು ನೋಡುವವರಲ್ಲ. ಮ್ಯಾನ್ಯುಯಲ್ ತೆರೆದು ಔಟ್‌ಪುಟ್ಟಿಗೆ ಔಟ್‌ಪುಟ್ಟು ಹಿಡಿದು ನೋಡುವವರು. ಮೊದಲನೆಯದು ಹೊಂದಿತು. ಎರಡನೆಯದಕ್ಕೆ ಪರದೆ, ನಾಟ್ ಬ್ಯಾಲೆನ್ಸ್ಡ್ ಎಂದಿತು.

“ಏನಿದು? ಬುಕ್ಕಲ್ಲಿ ಏನೈತಿ, ನಿಂದು ಏನ್ ಬಂತು?”

“ನಂದು ಸರಿ ಐತ್ರಿ ಸರ್. ಬ್ರಾಕೆಟ್ ಎಣಸಿ ನೋಡ್ರಿ.”

“ನಾನು ಎಣಸಬೇಕಾ?”

“ಹೌದ್ರಿ. ಮೂರು ತೆರದಾವ, ಎರಡು ಮುಚ್ಚ್ಯಾವ.”

ಸರ್ ಎಣಿಸಲಿಲ್ಲ. ಅವರ ಕಿವಿ ಕೆಂಪಾಯಿತು. “ಹದಿಮೂರು ವರ್ಷದಿಂದ ಬ್ಯಾಲೆನ್ಸ್ಡ್ ಅಂತಾನೆ ಬರ್ತಾ ಐತಿ, ನಿಂಗೊಬ್ಳಿಗೆ ಬರ್ಲಿಲ್ಲ ಅಂದ್ರೆ ಅದು ಯಾರ ತಪ್ಪಮ್ಮ?”

“ಮೇಡಮ್ಮಾರ್ನ ಕೇಳ್ರಿ ಸರ್,” ಎಂದಳು ಎರ್ರಮ್ಮ. ಕುರ್ಚಿಯಲ್ಲೇ ತಿರುಗಿ ನೋಡಿದಳು. ಬೇಡುವ ನೋಟವಲ್ಲ. ಬೇಡಿದ್ದರೆ ಗಂಗಾಂಬಿಕಾಗೆ ಸುಲಭವಾಗುತ್ತಿತ್ತು. ಲಾರಿಯ ಹತ್ತಿರ ನಿಂತು, ಇನ್ನೊಂದು ಚೀಲ ನೀ ಹಿಡೀತೀಯೋ ಇಲ್ಲೋ ಎಂದು ಜೊತೆಗಾರಳನ್ನು ಕೇಳುವ ನೋಟ. ಲ್ಯಾಬಿನ ಉಳಿದ ಕೀಬೋರ್ಡುಗಳ ಸದ್ದು ನಿಂತಿತ್ತು.

“ಏನ್ ಗಂಗಾಂಬಿಕಾ?” ಎಂದರು ಸರ್.

ಅವಳ ಬಾಯಿ ತೆರೆಯಿತು. ಅದರಿಂದ ಬಂದ ಮಾತು ಅವಳಿಗಿಂತ ಹಳೆಯದಾಗಿತ್ತು. “ಮ್ಯಾನ್ಯುಯಲ್ ಪ್ರಕಾರ ಬರಬೇಕಿತ್ರಿ ಸರ್.”

ಎರ್ರಮ್ಮ ಇನ್ನೊಂದು ಗಳಿಗೆ ನೋಡಿ, ಪರದೆಯ ಕಡೆ ತಿರುಗಿದಳು. ನಂತರ ವೈವಾ ಎಂದು ಸರ್ ಅವಳನ್ನು ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕಕ್ಕೂ ಉತ್ತರ ಹೇಳಿದಳು, ಗೋಡೆಗೆ ಹೇಳುವ ಹಾಗೆ. ರೆಕಾರ್ಡ್ ಮೇಜಿನ ಮೇಲಿಟ್ಟು ಹೋಗು ಎಂದಾಗ ಇಟ್ಟು ಹೋದಳು.

ಬ್ಯಾಚ್ ಮುಗಿದು ಹುಡುಗರೆಲ್ಲ ಇಳಿದು ಹೋದಮೇಲೆ ಅಂಕಪಟ್ಟಿ ಬರೆಯಲು ಇಬ್ಬರೂ ಮೇಜಿನ ಎದುರುಬದುರು ಕೂತರು. ಬಾಗಿಲ ಬಳಿ ಮರುಳಪ್ಪ ಕವರು, ಬಟ್ಟೆ, ಅರಗು, ಮೇಣದಬತ್ತಿ ಜೋಡಿಸಿಟ್ಟುಕೊಂಡಿದ್ದ. ಇಬ್ಬರ ಸಹಿಯೂ ಬಿದ್ದ ಪಟ್ಟಿ ಸೀಲಾಗಿ ಸಂಜೆಯೊಳಗೆ ಹೋಗಬೇಕು. ಸರ್ ಹೇಳುತ್ತಿದ್ದರು, ಗಂಗಾಂಬಿಕಾ ಬರೆಯುತ್ತಿದ್ದಳು. ಭರತ್ ಮೂವತ್ತಮೂರು. ಅವನ ಕೀಬೋರ್ಡಿನ ಮೇಲೆ ಧೂಳು ಕೂಡ ಕದಲಿರಲಿಲ್ಲ. ಔಟ್‌ಪುಟ್ಟನ್ನು ಪೇಪರಿನಲ್ಲಿ ಬಾಯಿಪಾಠದಿಂದ ಬರೆದಿದ್ದ. ಮೂವತ್ತಮೂರು ಎಂದು ಬರೆದಳು. ಎರ್ರಮ್ಮನ ಹೆಸರು ಬಂತು.

“ಎಂಟು ಹಾಕು.”

ಮೂವತ್ತೈದಕ್ಕೆ ಎಂಟು. ಪಾಸಿಗೆ ಹದಿನಾಲ್ಕು ಬೇಕು. ಪೆನ್ನು ಕಾಗದದ ಮೇಲೆ ನಿಂತಿತು. ನಿಂತಿತು ಅಷ್ಟೇ, ಅವಳಿಗೆ ಚೆನ್ನಾಗಿ ಗೊತ್ತಿದೆ, ಇನ್ನೊಂದು ಕ್ಷಣ ಕಳೆದಿದ್ದರೆ ಅವಳು ಎಂಟು ಬರೆದುಬಿಡುತ್ತಿದ್ದಳು, ಎರಡು ಸುತ್ತೂ ಸಮವಾಗಿರುವ ಚೆಂದದ ಎಂಟು. ಅಷ್ಟರಲ್ಲಿ ಸರ್ ಕುರ್ಚಿಗೆ ಒರಗಿ ಮ್ಯಾನ್ಯುಯಲಿನ ಪುಟ ತಿರುವುತ್ತ, ಯಾರನ್ನೋ ಸಮಾಧಾನ ಮಾಡುವವರ ಹಾಗೆ ಮಾತಿಗೆ ತೊಡಗಿದರು.

“ಎಣಸು ಅಂತಾಳೆ ನನಗೆ. ಐದು ತಾಲೂಕು, ಹದಿಮೂರು ವರ್ಷ, ಇದ್ರಾಗೆ ತಪ್ಪೈತಿ ಅಂತ ಒಬ್ಬ ನನ್ಮಗ ಹೇಳಿಲ್ಲ. ಒಂದೊಂದು ಉದಾಹರಣೆನೂ ನಾನು ಕೂತು ಯೋಚನೆ ಮಾಡಿ ಹಾಕಿದ್ದು. ಇದೇ ನೋಡು, ಒಂದು, ಒಂಬತ್ತು, ಒಂಬತ್ತು, ಎರಡು. ಸುಮ್ನೆ ಹೊಳೀತು ನನಗೆ ಅವತ್ತು. ಸಿಂಪಲ್ ಆಗಿ.”

ಗಂಗಾಂಬಿಕಾ ಪೆನ್ನಿನ ಮುಚ್ಚಳ ಹಾಕಿದಳು. ಏನಾಗುತ್ತಿದೆಯೆಂದು ಅವಳಿಗೆ ತಿಳಿಯುತ್ತಿತ್ತು, ತಿಳಿದು ಹೇಸಿಗೆಯೂ ಆಗುತ್ತಿತ್ತು. ಎರ್ರಮ್ಮನ ಎಂಟಕ್ಕೆ ಏಳದ ಸಿಟ್ಟು ತನ್ನ ನಾಲ್ಕು ಅಂಕಿಗಳಿಗೆ ಎದ್ದು ನಿಂತಿತ್ತು. ಬೊಮ್ಮಮ್ಮನ ಬೆರಳು, ತಾನು ಕೊಟ್ಟ ಮಾತು, ಕೆಂಪು ಗೆರೆ, ಯಾವುದಕ್ಕೂ ಏಳದ್ದು. ಆದರೂ ಎದ್ದಿತ್ತು, ಮತ್ತು ಹದಿಮೂರು ವರ್ಷ ಮಡಿಸಿಟ್ಟ ಮಾತನ್ನು ಹೇಳಲು ಅವಳಿಗೆ ಈ ಒಂದೇ ಬಾಗಿಲು ತೆರೆದಿತ್ತು. ಇದು ನಂದು ಎನ್ನಬೇಕಾದರೆ ಈ ತಪ್ಪು ನಂದು ಎನ್ನಬೇಕು.

“ಅದು ನಿಮಗೆ ಹೊಳೆದದ್ದಲ್ರಿ ಸರ್,” ಎಂದಳು. “ಅದು ನಾನು ಹುಟ್ಟಿದ ವರ್ಷ.”

“ಏನು?”

“ತೊಂಬತ್ತೆರಡು. ನನ್ನ ರೆಕಾರ್ಡಿನಾಗಿಂದು. ತೋರಿಸಿ ಕೊಡ್ತೀನಿ ಅಂತ ಒಯ್ದಿದ್ರಲ್ಲ, ಅದರಾಗಿಂದು. ತಪ್ಪೂ ನಂದೇ ಐತ್ರಿ. ಕೊನೇ ಬ್ರಾಕೆಟ್ ನಾನೇ ಮರ್ತಿದ್ದೆ. ನೀವು ಅದನ್ನೂ ಹಂಗೇ ಇಳಿಸಿಕೊಂಡೀರಿ.”

ಮರುಳಪ್ಪ ಅರಗಿನ ಕಡ್ಡಿಯನ್ನು ಕೈಯಲ್ಲಿ ತಿರುಗಿಸುತ್ತ ಬಾಗಿಲಾಚೆ ನೋಡತೊಡಗಿದ. ಸರ್ ನಗಲು ನೋಡಿದರು. ಗಂಗಾಂಬಿಕಾ ಎರ್ರಮ್ಮನ ರೆಕಾರ್ಡ್ ಎಳೆದುಕೊಂಡು, ಅಂಟಿಸಿದ ಹಾಳೆಯ ಮೂಲೆಗೆ ಉಗುರು ಕೊಟ್ಟಳು. ಮೈದಾ ಅಂಟು ಒಣಗಿತ್ತು. ಹಾಳೆ ಹಪ್ಪಳದ ಹಾಗೆ ಸದ್ದು ಮಾಡುತ್ತ ಎದ್ದಿತು, ಅಲ್ಲಲ್ಲಿ ಚೂರು ಉಳಿಸಿ. ಅಡಿಯಲ್ಲಿ ಮೊಳೆ ಮೊಳೆ ಅಕ್ಷರದ ಪ್ರೋಗ್ರಾಮು, ಅದರ ಮೇಲೆ ಅವಳ ಕೆಂಪು ಗೆರೆ, ಅವಳ ಮುತ್ತಿನಂಥ ತಪ್ಪು ಎಂಬ ಶಬ್ದ, ಅವಳ ಸಹಿ, ತಾರೀಖು.

“ನಾಲ್ಕು ತಿಂಗಳ ಹಿಂದೇ ಸರಿ ಬರದಾಳ. ನಾನು ಹೊಡದು ಹಾಕೀನಿ. ಈ ಪುಟ, ನಿಮ್ಮ ಬುಕ್ಕು ಎರಡೂ ಇಟ್ಟು ಯೂನಿವರ್ಸಿಟಿಗೆ ಬರೀತೀನ್ರಿ. ನಾನು ಈ ಪಟ್ಟಿಗೆ ಸಹಿ ಹಾಕಂಗಿಲ್ಲ.”

“ಬರಿ. ಏನಂತ ಬರೀತೀಯ? ನಾನು ತಪ್ಪು ಬರ್ದು ಶಭಾಷ್ ಅನ್ನಿಸ್ಕಂಡಿದ್ದೆ ಅಂತಾನಾ? ಗೆಸ್ಟ್ ಲೆಕ್ಚರರ್ ನೀನು, ನಾಳೆ ಜೂನ್‌ನಲ್ಲಿ ನಿನ್ನ ಯಾರು ಕರೀತಾರೆ ಪಾಠಕ್ಕೆ?” ಅವರು ಮುಂದೆ ಬಾಗಿ ದನಿ ತಗ್ಗಿಸಿದರು. ದನಿಯಲ್ಲಿ ಒಮ್ಮೆಲೇ ಹಳೆಯ ಮೇಷ್ಟ್ರು ಬಂದು ಕೂತರು. “ನೋಡವ್ವ, ಬಡವರ ಹುಡುಗಿ. ಪಾಪ. ಹದಿನಾಲ್ಕು ಹಾಕಿ ಪಾಸ್ ಮಾಡನ. ಆತಲ್ಲ?”

“ಪಾಪ ಅಂತ ಹಾಕೋದಲ್ರಿ. ಅಕೀದು ಸರಿ ಐತಿ. ಎಣಸ್ರಿ.”

ಅವರು ಎಣಿಸಿದರು. ಮೊದಲ ಸಲ, ಪೆನ್ನಿನ ಹಿಂಭಾಗ ಒಂದೊಂದರ ಮೇಲೂ ಇಟ್ಟು. ತೆರೆದದ್ದು ಮೂರು. ಮುಚ್ಚಿದ್ದು ಎರಡು. ಮತ್ತೆ ಎಣಿಸಿದರು. ಮ್ಯಾನ್ಯುಯಲ್ ಮುಚ್ಚಿ ಕಾರಿನ ಕೀಲಿಯನ್ನು ಅದರ ಮೇಲೆ ಇಟ್ಟರು. “ಮೂವತ್ತೆರಡು,” ಎಂದರು.

“ಮೂವತ್ತೈದು ಯಾಕಲ್ರಿ?”

“ಅಕ್ಷರಕ್ಕೆ ಮೂರು ಕಟ್. ಈ ಅಕ್ಷರಕ್ಕೆ ಪೂರ್ತಿ ಮಾರ್ಕ್ಸ್ ಹಾಕಿದ್ರೆ ನಾವು ಮೇಷ್ಟ್ರಾ? ಬೇರೆ ಯಾರಾದ್ರೂ ಕೇಳಿದ್ರೆ ಕೇಳಲಿ. ಅಕ್ಷರದ ವಿಚಾರ ನಿನಗೆ ಹೇಳಬೇಕಾ ಗಂಗಾಂಬಿಕಾ? ನಿನ್ನಂಥ ಅಕ್ಷರ ಇವತ್ತಿನವರೆಗೆ ನಾನು ಕಂಡಿಲ್ಲ. ಆಗ್ಲೂ ಹೇಳಿದ್ದೆ, ಈಗ್ಲೂ ಹೇಳ್ತೀನಿ.”

ಅವಳ ತುಟಿ ಅದಾಗಿಯೇ ಸ್ವಲ್ಪ ಅಗಲವಾಯಿತು. ಮೂವತ್ತೆರಡು ಕಡಿಮೆಯೇನಲ್ಲ. ಗೆದ್ದ ಹಾಗೆಯೇ. ಮೂವತ್ತೆರಡು ಎಂದು ಬರೆದಳು, ಸಹಿ ಹಾಕಿದಳು, ಪಟ್ಟಿಯನ್ನು ಅವರ ಕಡೆ ತಿರುಗಿಸಿದಳು. ರೆಕಾರ್ಡ್ ಎದೆಗೆ ಅವಚಿಕೊಂಡು ಮೆಟ್ಟಿಲು ಇಳಿಯುವಾಗ ಅವಳ ಕಾಲು ಹಗುರವಾಗಿತ್ತು. ಎರ್ರಮ್ಮ ಹೋಗಿಬಿಟ್ಟಿದ್ದಾಳೇನೋ ಎಂದು ಆತುರವಾಗುತ್ತಿತ್ತು. ಯಾಕೆ ಆತುರ ಎಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಗೊತ್ತಿತ್ತು, ಅದಕ್ಕೇ ಕೇಳಿಕೊಳ್ಳಲಿಲ್ಲ.

ಎರ್ರಮ್ಮ ಕೆಳಗೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದಳು. ಎದ್ದು ನಿಂತಳು, ಬಾಯಲ್ಲಿದ್ದದ್ದನ್ನು ನುಂಗಿದಳು.

“ಪಾಸ್ ಆದಿ,” ಎಂದಳು ಗಂಗಾಂಬಿಕಾ. “ಹೇಳಬಾರದು, ಆದ್ರೂ ಹೇಳ್ತೀನಿ. ಮೂವತ್ತೆರಡು. ಸರ್ ಎಂಟು ಅಂದಿದ್ರು. ನಾನು ಬಿಡಲಿಲ್ಲ.”

ಎರ್ರಮ್ಮ ರೆಕಾರ್ಡ್ ತೆಗೆದುಕೊಂಡಳು. ಹಾಳೆ ಕಿತ್ತ ಪುಟ ತಾನಾಗಿಯೇ ತೆರೆದುಕೊಂಡಿತು. ನೋಡಿದಳು.

“ನಾ ಆವತ್ತು ಕ್ಲಾಸಿನಾಗ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ ಮೇಡಂ?”

“ಕೇಳಿದಾಗ ಇಲ್ಲ. ಅವತ್ತ ಮಧ್ಯಾಹ್ನ ಗೊತ್ತಾತು.”

“ಈ ಗೆರಿ ಹೊಡೆಯೋಕಿಂತ ಮೊದಲೇ?”

“ಮೊದಲೇ.”

ಕಟ್ಟೆಯ ಮೇಲಿನ ಡಬ್ಬಿಗೆ ಇರುವೆ ಹತ್ತಿದ್ದವು. ಎರ್ರಮ್ಮ ಅದನ್ನು ಎತ್ತಿ, ತಟ್ಟಿ, ಮುಚ್ಚಳ ಹಾಕಿದಳು. ಅವಳ ಮುಖದಲ್ಲಿ ಗಂಗಾಂಬಿಕಾ ಹುಡುಕುತ್ತಿದ್ದದ್ದು ಯಾವುದೂ ಇರಲಿಲ್ಲ. ಸಿಟ್ಟು ಕೂಡ ಇರಲಿಲ್ಲ, ಅದನ್ನು ಅವಳು ಬೇರೆ ಎಲ್ಲೋ ಇಟ್ಟುಕೊಂಡಿದ್ದಳು.

“ಪ್ರೋಗ್ರಾಮು ಸರಿ ಐತಿ, ವೈವಾ ನಾಲ್ಕಕ್ಕೂ ಹೇಳೀನಿ,” ಎಂದಳು. “ಮೂರು ಎಲ್ಲಿ ಹೋದ್ವುರಿ?”

ಗಂಗಾಂಬಿಕಾ ಸುಳ್ಳು ಹೇಳಬಹುದಿತ್ತು. ವೈವಾ, ಅಟೆಂಡೆನ್ಸು, ಏನಾದರೂ. “ಅಕ್ಷರಕ್ಕ,” ಎಂದಳು.

“ಸರ್ ಕಟ್ ಮಾಡಿದ್ರೇನ್ರಿ?”

“ಅವರು ಹೇಳಿದ್ರು. ನಾನು ಬರದೆ.”

“ಹ್ಞೂಂ,” ಎಂದಳು ಎರ್ರಮ್ಮ. ಅಷ್ಟೇ. ಆ ಹ್ಞೂಂ ಕೇಳಿ ಗಂಗಾಂಬಿಕಾಳ ಬೆರಳ ಗೆಣ್ಣುಗಳು ಉರಿದವು, ಅಪ್ಪನ ಸ್ಕೇಲು ಈಗಷ್ಟೇ ಬಿದ್ದ ಹಾಗೆ. ಅದರ ಜೊತೆಗೇ, ಏಟು ತಿನ್ನುತ್ತ ಅದು ಸರಿ ಅಂದುಕೊಂಡಿದ್ದ ಆ ಹುಡುಗಿಯ ಕೆನ್ನೆಗೆ ಬಾರಿಸಬೇಕು ಅನ್ನುವಷ್ಟು ಸಿಟ್ಟು ಬಂತು. ಮೇಲಿನಿಂದ ಅರಗು ಕರಗುವ ವಾಸನೆ ಇಳಿದು ಬರುತ್ತಿತ್ತು. ಎರ್ರಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ರೆಕಾರ್ಡನ್ನು ಅದರ ಮೇಲೆ ಇಟ್ಟು, ಬಸ್ಸಿನ ಹೊತ್ತಾಯಿತೆಂದು ಗೇಟಿನ ಕಡೆ ನಡೆದಳು. ಗಂಗಾಂಬಿಕಾ ತಿರುಗಿ ಮೆಟ್ಟಿಲು ಹತ್ತತೊಡಗಿದಳು, ಮೊದಲು ನಡೆದು, ಆಮೇಲೆ ಸೀರೆ ಎತ್ತಿ ಹಿಡಿದು ಎರಡೆರಡಾಗಿ.

“ಮರುಳಪ್ನಾರೆ,” ಎಂದು ಕೂಗಿದಳು, “ಅರಗು ಹಾಕಬ್ಯಾಡ್ರಿ. ಇನ್ನೂ ಮೂರು ಉಳದಾವ.”